ಕೊಡಗಿನ ಆರು ಜನ ಸ್ನೇಹಿತರು ಯಾಟ್ ರೇಸ್‌ಗೆ ಹೋಗಬಹುದಾ? ತಿಳಿದವರು ಹೇಳಿ

ಪೊನ್ನಂಪೇಟೆ ತೋಟದವ
ಎಲ್ಲರಿಗೂ ನಮಸ್ಕಾರ. ವಿಷಯ ಸ್ವಲ್ಪ ವಿಚಿತ್ರ, ನಗಬೇಡಿ. ನಾವು ಆರು ಜನ ಸ್ಕೂಲಿನಿಂದಲೂ ಜೊತೆಗಿರುವವರು. ನಾಲ್ವರಿಗೆ ಕಾಫಿ ತೋಟ, ಒಬ್ಬನದು ಗೋಣಿಕೊಪ್ಪದಲ್ಲಿ ಗೊಬ್ಬರದ ಅಂಗಡಿ, ಇನ್ನೊಬ್ಬ ಮೈಸೂರಿನಲ್ಲಿ ಬ್ಯಾಂಕ್ ಕೆಲಸ. ವರ್ಷಕ್ಕೊಮ್ಮೆ ಎಲ್ಲಿಗಾದರೂ ಒಟ್ಟಿಗೆ ಹೋಗುವುದು ಅಭ್ಯಾಸ. ಈ ಸಲ ಕ್ರೊಯೇಷಿಯಾದಲ್ಲಿ ಹವ್ಯಾಸಿಗಳ ಯಾಟ್ ರೆಗಟ್ಟಾಕ್ಕೆ, ಅಂದರೆ ಹಾಯಿದೋಣಿಗಳ ರೇಸಿಗೆ, ಹೋಗೋಣ ಅಂತ ಮಾತು ಬಂದಿದೆ. ಬೋಟ್ ಬಾಡಿಗೆಗೆ ಸಿಗುತ್ತದೆ, ಬೇಕಾದರೆ ದೋಣಿ ನಡೆಸುವ ಸ್ಕಿಪ್ಪರ್ ಕೂಡ ಸಿಗುತ್ತಾರೆ, ಹಗಲು ರೇಸ್, ರಾತ್ರಿ ಯಾವುದಾದರೂ ಬಂದರಿನಲ್ಲಿ ಊಟ.

ನಮ್ಮಲ್ಲಿ ಯಾರಿಗೂ ಹಾಯಿದೋಣಿ ಗೊತ್ತಿಲ್ಲ. ಇಬ್ಬರಿಗೆ ಈಜು ಅಷ್ಟಕ್ಕಷ್ಟೇ. ಮುಂದಿನ ಮೇ ತಿಂಗಳಿಗೆ ಹೋಗಬಹುದಾ? ಮೊದಲು ಏನು ಕಲಿಯಬೇಕು? ಖರ್ಚು ಎಲ್ಲೆಲ್ಲಿ ಬೀಳುತ್ತದೆ? ಅನುಭವ ಇರುವವರು ದಯವಿಟ್ಟು ಹೇಳಿ.

ಕರಿಮೆಣಸು
ಆ ದುಡ್ಡಲ್ಲಿ ತೋಟಕ್ಕೆ ಸ್ಪ್ರಿಂಕ್ಲರ್ ಪೈಪ್ ಬದಲಾಯಿಸಿ ಮಾರಾಯ್ರೇ.

ಮಡಿಕೇರಿ ಮಂಜು
ಮೇ ತಿಂಗಳಾ? ನಮ್ಮ ಕೊಡವ ಕುಟುಂಬಗಳ ಹಾಕಿ ಹಬ್ಬ, ಹಾಕಿ ನಮ್ಮೆ, ಬಿಟ್ಟು ಹೋಗುತ್ತೀರಾ? ಮನೆಯಲ್ಲಿ ಒಪ್ಪುತ್ತಾರಾ ಮೊದಲು ಕೇಳಿ.

ಬಾರಪೊಳೆ ರಾಫ್ಟರ್
ಹೋಗಬಹುದು ಅಣ್ಣ, ಯಾಕಾಗಬಾರದು. ಆದರೆ ಈಜು ಅಷ್ಟಕ್ಕಷ್ಟೇ ಅಂದಿರಲ್ಲ, ಅದನ್ನು ಮೊದಲು ಸರಿ ಮಾಡಿಕೊಳ್ಳಿ. ರಾಫ್ಟಿಂಗಿಗೆ ಬರುವವರಲ್ಲಿ ನಾನು ನೋಡಿದ್ದು ಏನೆಂದರೆ, ಲೈಫ್ ಜಾಕೆಟ್ ಹಾಕಿದವನು ಮುಳುಗುವುದಿಲ್ಲ, ಆದರೆ ನೀರಿಗೆ ಬಿದ್ದ ತಕ್ಷಣ ಹೆದರಿ ಪಕ್ಕದವನ ಕುತ್ತಿಗೆ ಹಿಡಿಯುತ್ತಾನೆ. ನೀರಲ್ಲಿ ಸುಮ್ನೆ ಅಂಗಾತ ತೇಲಿಕೊಂಡು ಇರುವಷ್ಟು ಧೈರ್ಯ ಬೇಕು. ಅಷ್ಟು ಬಂದರೆ ಸಾಕು, ಚಾಂಪಿಯನ್ ಆಗಬೇಕಿಲ್ಲ.

ನೇವಿ ಮಾಮ ಕುಶಾಲನಗರ
ನೌಕಾಪಡೆಯಲ್ಲಿ ಕೆಲಸ ಮಾಡಿ ಈಗ ಊರಿನಲ್ಲಿದ್ದೇನೆ. ನಮ್ಮಲ್ಲಿ ಸೈಲಿಂಗ್ ಕಲಿಸುತ್ತಾರೆ.

ಮೊದಲನೆಯದು, ಸಮುದ್ರದ ಪಕ್ಕ ಹುಟ್ಟಿದವರಿಗೆ ಮಾತ್ರ ಇದು ಅನ್ನುವ ಯೋಚನೆ ಬಿಡಿ. 2017ರ ಸೆಪ್ಟೆಂಬರಿನಲ್ಲಿ ಗೋವಾದಿಂದ ಐ.ಎನ್.ಎಸ್.ವಿ. ತಾರಿಣಿ ಅನ್ನುವ ಹಾಯಿದೋಣಿ ಹತ್ತಿದ ಆರು ಮಹಿಳಾ ಅಧಿಕಾರಿಗಳು 2018ರ ಮೇ ತಿಂಗಳಲ್ಲಿ ಭೂಮಿ ಸುತ್ತಿ ಬಂದರು. ಆ ತಂಡದ ಸ್ಕಿಪ್ಪರ್ ವರ್ತಿಕಾ ಜೋಶಿ ಋಷಿಕೇಶದ ಕಡೆಯವರು. ಅಲ್ಲೆಲ್ಲಿ ಸಮುದ್ರ? ನಿಮಗೆ ಮಾಕುಟ್ಟ ಇಳಿದರೆ ಕಣ್ಣೂರು ಸಿಗುತ್ತದೆ.

ಎರಡನೆಯದು, ಗಾಳಿ. ಹಾಯಿದೋಣಿ ಗಾಳಿಗೆ ನೇರ ಎದುರಾಗಿ ಹೋಗುವುದಿಲ್ಲ. ಎಡಕ್ಕೆ ಸುಮಾರು 45 ಡಿಗ್ರಿ, ಬಲಕ್ಕೆ ಸುಮಾರು 45 ಡಿಗ್ರಿ, ಆ ಮಧ್ಯದ ಜಾಗದಲ್ಲಿ ಹಾಯಿ ಪಟಪಟ ಹೊಡೆದುಕೊಂಡು ದೋಣಿ ನಿಂತುಬಿಡುತ್ತದೆ. ಹಾಗಾಗಿ ಗಾಳಿ ಬರುವ ಕಡೆಗೆ ಹೋಗಬೇಕಾದರೆ ಓರೆಯಾಗಿ ಹೋಗಿ, ತಿರುಗಿ, ಮತ್ತೆ ಓರೆಯಾಗಿ ಹೋಗಬೇಕು. ಹೀಗೆ ತಿರುಗುವುದಕ್ಕೆ ಟ್ಯಾಕ್ ಮಾಡುವುದು ಅನ್ನುತ್ತಾರೆ. ರೇಸಿನ ಅರ್ಧ ಜಗಳ ಯಾವಾಗ ಟ್ಯಾಕ್ ಮಾಡಬೇಕು ಅನ್ನುವುದರ ಮೇಲೇ.

ಮೂರನೆಯದು, ಕಲಿಯದೆ ಹೋಗಬೇಡಿ. ಸ್ಕಿಪ್ಪರ್ ಇದ್ದರೂ ಸರಿ. ಒಬ್ಬ ಸ್ಕಿಪ್ಪರ್ ಜೊತೆ ಏನೂ ಗೊತ್ತಿಲ್ಲದ ಆರು ಜನ ಇದ್ದರೆ, ಗಾಳಿ ಜೋರಾದಾಗ ಅವನ ಕೈ ಎರಡೇ.

ಗೋಣಿಕೊಪ್ಪ ಗೊಬ್ಬರದಂಗಡಿ
ಆ ಆರು ಜನರಲ್ಲಿ ಒಬ್ಬ ನಾನೇ. ನಾನು ಬರುತ್ತೇನೆ ಅಂತ ಇನ್ನೂ ಹೇಳಿಲ್ಲ. ಎಲ್ಲರ ಎದುರು ಹೇಳುತ್ತಿದ್ದೇನೆ, ಆಮೇಲೆ ನನ್ನ ಹೆಸರಲ್ಲಿ ಅಡ್ವಾನ್ಸ್ ಕಟ್ಟಬೇಡಿ.

ಪೊನ್ನಂಪೇಟೆ ತೋಟದವ
@ಗೊಬ್ಬರದಂಗಡಿ ಮೊನ್ನೆ ರಾತ್ರಿ ಚುಕ್ಕಾಣಿ ನಾನೇ ಹಿಡಿಯುವುದು ಅಂತ ಟೇಬಲ್ ಕುಟ್ಟಿದವನು ಯಾರು?

ಗೋಣಿಕೊಪ್ಪ ಗೊಬ್ಬರದಂಗಡಿ
ಹೋದರೆ ಚುಕ್ಕಾಣಿ ನಾನೇ ಹಿಡಿಯುವುದು. ಹೋದರೆ.

ವಿರಾಜಪೇಟೆ ಅಕ್ಕ
ಕೆಲಸಕ್ಕೆ ಮುಂಬೈಯಲ್ಲಿದ್ದಾಗ ವಾರದ ಕೊನೆಗೆ ಜೆ80 ಅನ್ನುವ ಬೋಟಿನಲ್ಲಿ ಸಿಬ್ಬಂದಿಯಾಗಿ ರೇಸ್ ಮಾಡುತ್ತಿದ್ದೆ. 8 ಮೀಟರ್ ಉದ್ದದ ಬೋಟ್, ನಾಲ್ಕೈದು ಜನ. ನಿಮ್ಮ ಪ್ರಶ್ನೆಗೆ ನನ್ನ ಉತ್ತರ: ಹೋಗಿ, ಆದರೆ ಈಗಲೇ ಕೆಲಸ ಹಂಚಿಕೊಳ್ಳಿ.

ಬೋಟಿನಲ್ಲಿ ಚುಕ್ಕಾಣಿ ಹಿಡಿಯುವವನು ಒಬ್ಬನೇ. ಉಳಿದವರಲ್ಲಿ ಒಬ್ಬರು ದೊಡ್ಡ ಹಾಯಿಯ ಹಗ್ಗ ನೋಡಬೇಕು, ಇಬ್ಬರು ಮುಂದಿನ ಹಾಯಿಯ ಹಗ್ಗ, ಎಡಕ್ಕೊಬ್ಬರು ಬಲಕ್ಕೊಬ್ಬರು. ಒಬ್ಬರು ಮೂತಿಯ ಕಡೆ, ಸುತ್ತಬೇಕಾದ ಗುರುತು (ಮಾರ್ಕ್) ಎಷ್ಟು ದೂರ, ಯಾವ ಬೋಟ್ ಬರುತ್ತಿದೆ ಅಂತ ಕೂಗಿ ಹೇಳುವುದಕ್ಕೆ. ಒಬ್ಬರು ಗಾಳಿ, ಗಡಿಯಾರ, ಲೆಕ್ಕಾಚಾರ. ಹಾಕಿಯಲ್ಲಿ ಹನ್ನೊಂದು ಜನವೂ ಸೆಂಟರ್ ಫಾರ್ವರ್ಡ್ ಆದರೆ ಗೋಲ್ ಯಾರು ಕಾಯುತ್ತಾರೆ? ಸ್ನೇಹಿತರ ಬೋಟುಗಳು ಸೋಲುವುದು ಗಾಳಿ ಇಲ್ಲದೆ ಅಲ್ಲ. ಮೂರು ಜನ ಒಟ್ಟಿಗೆ ಆರ್ಡರ್ ಕೊಟ್ಟು ಸೋಲುತ್ತಾರೆ.

ಇನ್ನೊಂದು. ನಮ್ಮ ಊರಿನ ಗಂಡಸರಿಗೆ ಕೂಗಿ ಮಾತಾಡುವುದು ಅಭ್ಯಾಸ. ಬೋಟಿನಲ್ಲಿ ಕೂಗುವ ಅಗತ್ಯ ಇದೆ, ಬೈಯುವ ಅಗತ್ಯ ಇಲ್ಲ. ಎರಡೂ ಬೇರೆ ಅಂತ ಹೋಗುವ ಮೊದಲೇ ಮಾತಾಡಿಕೊಳ್ಳಿ.

ಸಂಪಾಜೆ ತಿರುವು
ವಾಂತಿ ವಿಷಯ ಯಾರೂ ಹೇಳಲಿಲ್ಲ. ಆರು ಜನರಲ್ಲಿ ಸಂಪಾಜೆ ಘಾಟಿಯಲ್ಲಿ ಬಸ್ಸಿನ ಕಿಟಕಿಯಿಂದ ತಲೆ ಹೊರಗೆ ಹಾಕುವವರು ಎಷ್ಟು ಮಂದಿ?

ಪೊನ್ನಂಪೇಟೆ ತೋಟದವ
ಬ್ಯಾಂಕಿನವನು ಒಬ್ಬ. ಹೆಸರು ಹೇಳುವುದಿಲ್ಲ, ಪಾಪ.

ನೇವಿ ಮಾಮ ಕುಶಾಲನಗರ
ನೌಕಾಪಡೆಯವರಿಗೂ ಬರುತ್ತದೆ, ನಾಚಿಕೆ ಬೇಡ. ಮಾತ್ರೆ ತೆಗೆದುಕೊಳ್ಳುವುದಾದರೆ ಡಾಕ್ಟರನ್ನು ಕೇಳಿ, ದೋಣಿ ಹತ್ತುವ ಮೊದಲೇ ತೆಗೆದುಕೊಳ್ಳಬೇಕು. ವಾಂತಿ ಶುರುವಾದ ಮೇಲೆ ನುಂಗಿದರೆ ಅದೂ ಹೊರಗೇ ಬರುತ್ತದೆ. ಬಸ್ಸಿಗೆ ಅಂತ ನಮ್ಮವರು ನುಂಗುವ ಅವೊಮಿನ್ ನಿದ್ದೆ ತರುತ್ತದೆ, ಹಗ್ಗದ ಕೆಲಸ ಇರುವವರಿಗೆ ಅದು ಒಳ್ಳೆಯದಲ್ಲ. ಮೇಲೆ ಡೆಕ್ಕಿನಲ್ಲೇ ಕೂರಿಸಿ, ದೂರದ ದಿಗಂತ ನೋಡಲು ಹೇಳಿ. ಕೆಳಗೆ ಅಡುಗೆಮನೆಗೆ ಕಳಿಸಬೇಡಿ. ಸಾಧ್ಯವಾದರೆ ಚುಕ್ಕಾಣಿ ಕೊಡಿ, ಚುಕ್ಕಾಣಿ ಹಿಡಿದವನಿಗೆ ವಾಂತಿ ಕಡಿಮೆ.

ಗೋಣಿಕೊಪ್ಪ ಗೊಬ್ಬರದಂಗಡಿ
ನನಗೂ ಸ್ವಲ್ಪ ವಾಂತಿ ಬರುತ್ತದೆ ಮಾಮ.

ಸೋಮವಾರಪೇಟೆ ಶುಂಠಿ
😂😂 ಶುಂಠಿ ಬೇಕಾದರೆ ಕಳಿಸುತ್ತೇನೆ, ಅದಕ್ಕೂ ಒಳ್ಳೆಯದು. ಬೆಲೆ ಮಾತ್ರ ಈ ವರ್ಷ ಕೇಳಬೇಡಿ.

ಬೆಂಗಳೂರಲ್ಲಿರೋ ನಾಪೋಕ್ಲು
ನಾನು ಆಫೀಸಿನ ಸ್ನೇಹಿತರ ಜೊತೆ ಕ್ರೊಯೇಷಿಯಾದಲ್ಲಿ ಇಂಥದ್ದೇ ಒಂದು ರೆಗಟ್ಟಾ ಮಾಡಿದ್ದೇನೆ. ಸ್ಪ್ಲಿಟ್‌ನಿಂದ ಹೊರಟು ದ್ವೀಪದಿಂದ ದ್ವೀಪಕ್ಕೆ. ಸ್ಕಿಪ್ಪರ್ ಇದ್ದ. ಖರ್ಚಿನ ಬಗ್ಗೆ ಹೇಳುತ್ತೇನೆ, ಯಾಕೆಂದರೆ ಜಾಹೀರಾತಿನಲ್ಲಿ ಕಾಣುವುದು ಬೋಟ್ ಬಾಡಿಗೆ ಮಾತ್ರ.

ಬಾಡಿಗೆ ಆದ ಮೇಲೆ ರೇಸಿನ ಎಂಟ್ರಿ ಫೀ ಬೇರೆ. ಸ್ಕಿಪ್ಪರ್‌ಗೆ ದಿನದ ಲೆಕ್ಕ, ಜೊತೆಗೆ ಅವನ ಊಟ ನಿಮ್ಮದು, ಮಲಗಲು ಅವನಿಗೊಂದು ಜಾಗ ಬೇಕು. ಆರು ಜನ ಅಂತ ಆರು ಜನಕ್ಕೆ ಮಾತ್ರ ಮಲಗುವ ಬೋಟ್ ತೆಗೆದುಕೊಂಡರೆ ಯಾರಾದರೂ ಒಬ್ಬರು ಊಟದ ಮೇಜಿನ ಸೀಟಿನಲ್ಲಿ ಮಲಗಬೇಕಾಗುತ್ತದೆ. ಡೀಸೆಲ್, ಪ್ರತಿ ರಾತ್ರಿ ಬಂದರಿನ ಬಾಡಿಗೆ, ಕೊನೆಯಲ್ಲಿ ಕ್ಲೀನಿಂಗ್. ಸ್ಪಿನೇಕರ್ ಅನ್ನುವ ಬಲೂನಿನಂಥ ದೊಡ್ಡ ಬಣ್ಣದ ಹಾಯಿ ಬೇಕಾದರೆ ಅದಕ್ಕೂ ಬೇರೆ. ಹೊಸಬರು ಸ್ಪಿನೇಕರ್ ಇಲ್ಲದ ವಿಭಾಗದಲ್ಲೇ ಸೇರಿ, ತಲೆನೋವು ಅರ್ಧ ಕಡಿಮೆ.

ದೊಡ್ಡದು ಡಿಪಾಸಿಟ್. ಬೋಟ್ ವಾಪಸ್ ಕೊಡುವಾಗ ಪಕ್ಕದಲ್ಲಿ ಒಂದು ಗೀರು ತೋರಿಸಿ ನಮ್ಮ ಡಿಪಾಸಿಟ್ಟಿನಲ್ಲಿ ಒಂದು ಪಾಲು ಹಿಡಿದುಕೊಂಡರು. ಕಂಪನಿ ಹೆಸರು ಬೇಡ. ಆ ಗೀರು ನಾವು ಹತ್ತುವ ಮೊದಲೇ ಇತ್ತು, ನಮ್ಮಲ್ಲೊಬ್ಬಳು ಮೊದಲ ದಿನವೇ ವಿಡಿಯೋ ಮಾಡಿದ್ದಳು, ತೋರಿಸಿದ ಮೇಲೆ ವಾಪಸ್ ಬಂತು. ಬೋಟ್ ಕೈಗೆ ಬಂದ ತಕ್ಷಣ ಮೂತಿಯಿಂದ ಬಾಲದವರೆಗೆ ವಿಡಿಯೋ ಮಾಡಿ. ರೇಸಿಗೆ ಕೊಡುವ ಬೋಟಿಗೆ ಡಿಪಾಸಿಟ್ ಜಾಸ್ತಿ ಕೇಳುತ್ತಾರೆ, ಅದಕ್ಕೆ ಇನ್ಶೂರೆನ್ಸ್ ಕೂಡ ಸಿಗುತ್ತದೆ, ರೇಸಿಂಗ್ ಸೇರಿದೆಯಾ ಅಂತ ಓದಿ ನೋಡಿ.

ವೀಸಾ: ಕ್ರೊಯೇಷಿಯಾ 2023ರ ಜನವರಿ 1ರಿಂದ ಷೆಂಗೆನ್ ಒಳಗಿದೆ, ಅಂದರೆ ಯುರೋಪಿನ ಹಲವು ದೇಶಗಳಿಗೆ ಒಂದೇ ವೀಸಾ ಇರುವ ಗುಂಪಿನಲ್ಲಿ, ದುಡ್ಡು ಕೂಡ ಯೂರೋ. ಷೆಂಗೆನ್ ವೀಸಾ ಬೇಕು. ಆರು ಜನರಲ್ಲಿ ಒಬ್ಬರದು ತಡವಾದರೂ ಬೋಟಿನ ಲೆಕ್ಕ ಕೆಡುತ್ತದೆ, ಬೇಗ ಹಾಕಿ.

ಕರಿಮೆಣಸು
ಅದಕ್ಕೇ ಹೇಳಿದ್ದು, ಸ್ಪ್ರಿಂಕ್ಲರ್ ಪೈಪ್.

ಮಡಿಕೇರಿ ಮಂಜು
ಹಾರಂಗಿ ಹಿನ್ನೀರಿನಲ್ಲಿ ಪ್ರಾಕ್ಟೀಸ್ ಮಾಡಬಹುದಲ್ಲ? ಅಷ್ಟು ನೀರು ಸುಮ್ನೆ ಬಿದ್ದಿದೆ. ಹಳೆ ದೋಣಿಗೆ ಒಂದು ಟಾರ್ಪಾಲ್ ಕಟ್ಟಿದರೆ ಆಯ್ತು.

ಬಾರಪೊಳೆ ರಾಫ್ಟರ್
@ಮಂಜು ಅಣ್ಣ ದಯವಿಟ್ಟು ಬೇಡ. ಅಣೆಕಟ್ಟಿನ ನೀರಿಗೆ ಅನುಮತಿ ಇಲ್ಲದೆ ಇಳಿಯುವ ಹಾಗಿಲ್ಲ. ಹಿನ್ನೀರಿನ ತಳದಲ್ಲಿ ಏನಿದೆ ಅಂತ ಮೇಲಿಂದ ಕಾಣುವುದಿಲ್ಲ. ಪ್ರತಿ ಮಳೆಗಾಲದಲ್ಲೂ ಇಂಥ ಕಡೆ ಯಾರನ್ನೋ ಹುಡುಕುವ ಕೆಲಸ ನಮ್ಮಂಥವರಿಗೇ ಬರುತ್ತದೆ.

ನೇವಿ ಮಾಮ ಕುಶಾಲನಗರ
ಟಾರ್ಪಾಲ್ ಕಟ್ಟಿದರೆ ಗಾಳಿ ಹೋದ ಕಡೆ ಹೋಗುತ್ತೀರಿ ಅಷ್ಟೇ, ವಾಪಸ್ ಬರುವುದಕ್ಕೆ ಆಗುವುದಿಲ್ಲ. ಹಾಯಿದೋಣಿ ಓರೆಯಾಗಿ ಗಾಳಿಯ ಕಡೆ ಹತ್ತಬೇಕಾದರೆ ಕೆಳಗೆ ನೀರಿನಲ್ಲಿ ಒಂದು ಹಲಗೆ ಬೇಕು. ಸಣ್ಣ ದೋಣಿಗೆ ಇಳಿಸಿ ಎತ್ತುವ ಡ್ಯಾಗರ್‌ಬೋರ್ಡ್, ದೊಡ್ಡದಕ್ಕೆ ಭಾರದ ಕೀಲ್. ಅದಿಲ್ಲದಿದ್ದರೆ ದೋಣಿ ಪಕ್ಕಕ್ಕೆ ಜಾರುತ್ತದೆ. ಗುಡ್ಡಗಳ ನಡುವೆ ಗಾಳಿ ಬೇರೆ ಒಂದೇ ಕಡೆಯಿಂದ ಬರುವುದಿಲ್ಲ, ಸುತ್ತುತ್ತದೆ. ಕಲಿಯುವವರಿಗೆ ಅದು ಕಷ್ಟ.

ಸುಂಟಿಕೊಪ್ಪ ಮೇಷ್ಟ್ರು
ಹೈದರಾಬಾದಿನ ಹುಸೇನ್ ಸಾಗರದಲ್ಲಿ ಮಳೆಗಾಲದಲ್ಲೇ ರೆಗಟ್ಟಾ ನಡೆಯುತ್ತದೆ ಅಂತ ಪೇಪರಿನಲ್ಲಿ ಓದಿದ್ದೇನೆ. ಆಗ ನಮ್ಮ ತೋಟದವರಿಗೂ ಬಿಡುವು. ಕ್ರೊಯೇಷಿಯಾಕ್ಕೆ ಯಾಕೆ ಹೋಗಬೇಕು?

ವಿರಾಜಪೇಟೆ ಅಕ್ಕ
ಮೇಷ್ಟ್ರೇ, ಅಲ್ಲಿನ ಮಾನ್ಸೂನ್ ರೆಗಟ್ಟಾ ಹೆಚ್ಚಾಗಿ ಮಕ್ಕಳದು. ಆಪ್ಟಿಮಿಸ್ಟ್ ಅನ್ನುವ ದೋಣಿ 2.3 ಮೀಟರ್ ಉದ್ದ, 15 ವರ್ಷದವರೆಗಿನ ಮಕ್ಕಳು ಓಡಿಸುವುದು. ಇವರ ಮೊಣಕಾಲು ಕೂಡ ಅದರಲ್ಲಿ ಹಿಡಿಸುವುದಿಲ್ಲ. ಲೇಸರ್ ಅನ್ನುವ ದೋಣಿಯ ರೇಸುಗಳೂ ಅಲ್ಲಿ ನಡೆಯುತ್ತವೆ, ಈಗ ಅದಕ್ಕೆ ಐ.ಎಲ್.ಸಿ.ಎ. ಅನ್ನುತ್ತಾರೆ. ಆದರೆ ಅದು ಒಬ್ಬರೇ ಓಡಿಸುವ ದೋಣಿ, ಬರುವವರು ಸೇನೆಯ ಮತ್ತು ರಾಷ್ಟ್ರಮಟ್ಟದ ಆಟಗಾರರು. ಆರು ಸ್ನೇಹಿತರು ಒಟ್ಟಿಗೆ ಹೋಗುವ ಜಾಗ ಅಲ್ಲ. ನೋಡುವುದಕ್ಕೆ ಮಾತ್ರ ಖಂಡಿತ ಹೋಗಿ.

ಸುಂಟಿಕೊಪ್ಪ ಮೇಷ್ಟ್ರು
ತಿಳಿಸಿದ್ದಕ್ಕೆ ಧನ್ಯವಾದ. ಏಷ್ಯನ್ ಗೇಮ್ಸಿನಲ್ಲಿ ಪದಕ ಬಂದಿತ್ತಲ್ಲ, ಅದು ಇದೇ ದೋಣಿಯಾ?

ವಿರಾಜಪೇಟೆ ಅಕ್ಕ
ಹೌದು, ಹಾಂಗ್‌ಝೌನಲ್ಲಿ 2023ರಲ್ಲಿ. ನೇಹಾ ಠಾಕೂರ್ ಐ.ಎಲ್.ಸಿ.ಎ. 4ರಲ್ಲಿ ಬೆಳ್ಳಿ, ವಿಷ್ಣು ಸರವಣನ್ ಐ.ಎಲ್.ಸಿ.ಎ. 7ರಲ್ಲಿ ಕಂಚು. ಒಂದೇ ದೋಣಿಗೆ ಬೇರೆ ಬೇರೆ ಅಳತೆಯ ಹಾಯಿ. ನೇಹಾ ಮಧ್ಯಪ್ರದೇಶದ ಹುಡುಗಿ, ಕಲಿತಿದ್ದು ಭೋಪಾಲದ ಕೆರೆಯಲ್ಲಿ. ಮಾಮ ಹೇಳಿದ ಮಾತಿಗೆ ಇದೂ ಸೇರಿಸಿಕೊಳ್ಳಿ.

ಮಡಿಕೇರಿ ಮಂಜು
ಹಾಗಾದರೆ ಬೆಂಗಳೂರಿನಲ್ಲಿ?

ನೇವಿ ಮಾಮ ಕುಶಾಲನಗರ
ಹಲಸೂರು ಕೆರೆಯಲ್ಲಿ ಎಂ.ಇ.ಜಿ.ಯವರ (ಮದ್ರಾಸ್ ಎಂಜಿನಿಯರ್ ಗ್ರೂಪ್) ತೃಷ್ಣಾ ಸೈಲಿಂಗ್ ಕ್ಲಬ್ ಇದೆ, ಅದು ಸೇನೆಯದ್ದು. ಸಾಮಾನ್ಯ ಜನ ಕಲಿಯುವುದಾದರೆ ಗೋವಾದಲ್ಲಿ ಕೇಂದ್ರ ಸರ್ಕಾರದ ಜಲಕ್ರೀಡಾ ಸಂಸ್ಥೆ ಇದೆ. ಮುಂಬೈ, ಚೆನ್ನೈಯಲ್ಲಿ ಕ್ಲಬ್‌ಗಳಿವೆ. ಮುಂಬೈಯ ರಾಯಲ್ ಬಾಂಬೆ ಯಾಟ್ ಕ್ಲಬ್ 1846ರದ್ದು, ಚೆನ್ನೈಯ ರಾಯಲ್ ಮದ್ರಾಸ್ ಯಾಟ್ ಕ್ಲಬ್ 1911ರದ್ದು. ಮುಂಬೈ ಕಡೆ ಮಳೆಗಾಲದಲ್ಲಿ ಬಂದ್, ಅಕ್ಟೋಬರಿನಿಂದ ಮತ್ತೆ ಶುರು.

ಬೆಂಗಳೂರಲ್ಲಿರೋ ನಾಪೋಕ್ಲು
ಎಲ್ಲರೂ ಕಲಿತು ಬನ್ನಿ ಅನ್ನುತ್ತಿದ್ದೀರಿ. ನನ್ನ ಅಭಿಪ್ರಾಯ ಬೇರೆ. ನಮ್ಮ ಬೋಟಿನಲ್ಲಿ ಒಬ್ಬಳಿಗೆ ಬಿಟ್ಟು ಯಾರಿಗೂ ಏನೂ ಗೊತ್ತಿರಲಿಲ್ಲ. ಸ್ಕಿಪ್ಪರ್ ಮೊದಲ ದಿನ ರೇಸಿಲ್ಲದೆ ಕಲಿಸಿದ, ಮೂರನೇ ದಿನಕ್ಕೆ ಕೈ ಕೂಡಿತು. ಕೊನೆಯಿಂದ ಎಣಿಸಿದರೆ ಬೇಗ ಸಿಗುವ ಸ್ಥಾನ ಬಂತು, ಯಾರಿಗೂ ಬೇಜಾರಾಗಲಿಲ್ಲ. ಇದು ಹವ್ಯಾಸಿಗಳ ರೇಸ್. ಕೋರ್ಸು, ಪ್ರಮಾಣಪತ್ರ ಅಂತ ಹೊರಟರೆ ಈ ಆರು ಜನ ಯಾವತ್ತೂ ಹೋಗುವುದಿಲ್ಲ, ಬರೆದಿಟ್ಟುಕೊಳ್ಳಿ.

ನೇವಿ ಮಾಮ ಕುಶಾಲನಗರ
ನಿಮಗೆ ಗಾಳಿ ಒಲಿದಿತ್ತು. ಅಲ್ಲಿ ಮಧ್ಯಾಹ್ನದ ಮೇಲೆ ಬೀಸುವ ಮಾಯೆಸ್ಟ್ರಾಲ್ ಸಾಧು ಗಾಳಿ. ಬೂರಾ ಬಂದಿದ್ದರೆ ಗೊತ್ತಾಗುತ್ತಿತ್ತು. ಅದು ಬೆಟ್ಟದಿಂದ ಸಮುದ್ರಕ್ಕೆ ಇಳಿಯುವ ತಣ್ಣನೆ ಗಾಳಿ, ಹೇಳದೆ ಕೇಳದೆ ಜೋರಾಗುತ್ತದೆ. ಆಗ ಹಾಯಿಯನ್ನು ಅರ್ಧ ಇಳಿಸಿ ಕಟ್ಟಬೇಕು. ಬೋಟ್ ಓಲಾಡುವಾಗ ಆ ಹಗ್ಗ ಯಾವುದು ಅಂತ ಹುಡುಕುತ್ತಾ ನಿಲ್ಲಬಾರದು.

ಬೆಂಗಳೂರಲ್ಲಿರೋ ನಾಪೋಕ್ಲು
ಬೂರಾ ಬಂದರೆ ಸಂಘಟಕರೇ ರೇಸ್ ನಿಲ್ಲಿಸುತ್ತಾರೆ ಸಾರ್.

ನೇವಿ ಮಾಮ ಕುಶಾಲನಗರ
ರೇಸ್ ನಿಲ್ಲಿಸುತ್ತಾರೆ, ಗಾಳಿ ನಿಲ್ಲಿಸುವುದಿಲ್ಲ. ಬಂದರಿಗೆ ನೀವೇ ಬರಬೇಕು.

ವಿರಾಜಪೇಟೆ ಅಕ್ಕ
ಇಬ್ಬರೂ ಹೇಳಿದ್ದರಲ್ಲಿ ಸತ್ಯ ಇದೆ, ಆದರೆ ನಾನು ಮಾಮನ ಕಡೆ. ಆರೂ ಜನ ಬೇಡ, ಮೂರು ಜನರಾದರೂ ಕಲಿತಿರಲಿ. ಯಾಕೆ ಅಂತ ಸ್ಟಾರ್ಟ್ ಒಂದನ್ನೇ ಹೇಳುತ್ತೇನೆ, ಬೈಕ್ ರೇಸಿನ ಹಾಗೆ ನಿಂತು ಹೊರಡುವುದು ಅಂತ ಎಷ್ಟೋ ಜನ ಅಂದುಕೊಂಡಿದ್ದಾರೆ.

ಹಾಯಿದೋಣಿಗೆ ಬ್ರೇಕ್ ಇಲ್ಲ. ಸ್ಟಾರ್ಟ್ ಗೆರೆ ಅಂದರೆ ಒಂದು ಕಡೆ ರೇಸ್ ನಡೆಸುವವರ ಕಮಿಟಿ ಬೋಟ್, ಇನ್ನೊಂದು ಕಡೆ ನೀರಲ್ಲಿ ತೇಲುವ ಒಂದು ಗುರುತು, ಅಂದರೆ ಬೋಯೆ, ಮಧ್ಯೆ ಕಣ್ಣಿಗೆ ಕಾಣದ ಗೆರೆ. 5 ನಿಮಿಷ ಇರುವಾಗ ಒಂದು ಬಾವುಟ ಏರುತ್ತದೆ, ಹಾರ್ನ್ ಕೂಗುತ್ತದೆ. 4 ನಿಮಿಷಕ್ಕೆ ಎರಡನೇ ಬಾವುಟ. 1 ನಿಮಿಷ ಇರುವಾಗ ಎರಡನೆಯದು ಇಳಿಯುತ್ತದೆ. ಸೊನ್ನೆಗೆ ಮೊದಲನೆಯದೂ ಇಳಿಯುತ್ತದೆ, ಆಗ ಸ್ಟಾರ್ಟ್. ಆ ಐದೂ ನಿಮಿಷ ಎಲ್ಲ ಬೋಟುಗಳೂ ಗೆರೆಯ ಹಿಂದೆ ಸುತ್ತುತ್ತಾ ಇರುತ್ತವೆ. ಕೊನೆಯ ನಿಮಿಷದಲ್ಲಿ ಎಲ್ಲರಿಗೂ ಒಂದೇ ಜಾಗ ಬೇಕು. ಪಕ್ಕದ ಬೋಟಿನವನ ಕೈಗಡಿಯಾರದ ಬೀಪ್ ಕೇಳಿಸುವಷ್ಟು ಹತ್ತಿರ. ಹಾಯಿ ಸಡಿಲ ಬಿಟ್ಟು ದೋಣಿ ನಿಧಾನ ಮಾಡಬೇಕು, ಹತ್ತು ಸೆಕೆಂಡ್ ಇರುವಾಗ ಹಗ್ಗ ಎಳೆದು ವೇಗ ತರಬೇಕು. ಬೇಗ ದಾಟಿದರೆ ಹಾರ್ನ್ ಹೊಡೆದು ಬಾವುಟ ಹಾರಿಸುತ್ತಾರೆ, ಹಿಂದೆ ತಿರುಗಿ ಬಂದು ಮತ್ತೆ ದಾಟಬೇಕು. ಅಷ್ಟರಲ್ಲಿ ಉಳಿದವರು ಎಲ್ಲೋ ಹೋಗಿರುತ್ತಾರೆ.

ಈ ಗಡಿಬಿಡಿಯಲ್ಲಿ "ಯಾವ ಹಗ್ಗ?" ಅಂತ ಕೇಳುವವರು ಐದು ಜನ ಇದ್ದರೆ ಸ್ಕಿಪ್ಪರ್ ಹಿಂದೆ ದೂರದಲ್ಲೇ ನಿಂತುಬಿಡುತ್ತಾನೆ. ಅದು ಸುರಕ್ಷಿತ, ಆದರೆ ಮಜಾ ಹೋಯಿತು.

ಪೊನ್ನಂಪೇಟೆ ತೋಟದವ
ಓದಿಯೇ ಎದೆ ಹೊಡೆದುಕೊಂಡಿತು ಅಕ್ಕ. ಎದುರು ಬದುರು ಬಂದರೆ ಯಾರು ದಾರಿ ಬಿಡಬೇಕು?

ಕುಟ್ಟ ಚೆಕ್‌ಪೋಸ್ಟ್
ಬಲಗಡೆಯಿಂದ ಬರುವವರಿಗೆ ಮೊದಲು ದಾರಿ. ಸ್ಟಾರ್‌ಬೋರ್ಡ್ ಅಂದರೆ ಬಲ.

ನೇವಿ ಮಾಮ ಕುಶಾಲನಗರ
ಅಷ್ಟು ಸರಳ ಅಲ್ಲ. ಬೋಟ್ ಯಾವ ಕಡೆಯಿಂದ ಬರುತ್ತದೆ ಅನ್ನುವುದಲ್ಲ, ಅದಕ್ಕೆ ಗಾಳಿ ಯಾವ ಪಕ್ಕಕ್ಕೆ ಹೊಡೆಯುತ್ತಿದೆ ಅನ್ನುವುದು ಮುಖ್ಯ. ಬಲಪಕ್ಕಕ್ಕೆ ಗಾಳಿ ಬರುತ್ತಿದ್ದರೆ ಅದು ಸ್ಟಾರ್‌ಬೋರ್ಡ್ ಟ್ಯಾಕ್, ದೊಡ್ಡ ಹಾಯಿ ಎಡಗಡೆ ಇರುತ್ತದೆ. ಎಡಪಕ್ಕಕ್ಕೆ ಗಾಳಿ ಬರುತ್ತಿದ್ದರೆ ಪೋರ್ಟ್ ಟ್ಯಾಕ್. ಪೋರ್ಟಿನವನು ಸ್ಟಾರ್‌ಬೋರ್ಡಿನವನಿಗೆ ದಾರಿ ಬಿಡಬೇಕು. ಇಬ್ಬರೂ ಒಂದೇ ಟ್ಯಾಕಿನಲ್ಲಿ ಪಕ್ಕಪಕ್ಕ ಇದ್ದರೆ, ಗಾಳಿ ಬರುವ ಕಡೆ ಇರುವವನು ಆಚೆ ಪಕ್ಕದಲ್ಲಿರುವವನಿಗೆ ಬಿಡಬೇಕು. ಹಿಂದಿನಿಂದ ಬರುವವನು ಮುಂದಿನವನಿಗೆ ಬಿಡಬೇಕು. ತಪ್ಪಾದರೆ ಅಲ್ಲೇ ಪಕ್ಕಕ್ಕೆ ಹೋಗಿ ಎರಡು ಸುತ್ತು ತಿರುಗಿ ಶಿಕ್ಷೆ ತೀರಿಸಬೇಕು. ಬೋಯೆಗೆ ತಾಗಿದರೆ ಒಂದು ಸುತ್ತು.

ಕುಟ್ಟ ಚೆಕ್‌ಪೋಸ್ಟ್
ಎರಡು ಸುತ್ತು ತಿರುಗಿದ್ದು ಯಾರು ನೋಡುತ್ತಾರೆ? ರೆಫ್ರಿ ಎಲ್ಲಿರುತ್ತಾನೆ?

ವಿರಾಜಪೇಟೆ ಅಕ್ಕ
ಹೆಚ್ಚಿನ ರೇಸುಗಳಲ್ಲಿ ನೀರಿನ ಮೇಲೆ ರೆಫ್ರಿ ಇರುವುದೇ ಇಲ್ಲ. ತಪ್ಪು ಮಾಡಿದವರು ತಾವಾಗಿ ಸುತ್ತಬೇಕು. ಇಲ್ಲದಿದ್ದರೆ ಎದುರಿನವರು "ಪ್ರೊಟೆಸ್ಟ್" ಅಂತ ಕೂಗಿ ಕೆಂಪು ಬಾವುಟ ಹಾರಿಸುತ್ತಾರೆ, ಸಂಜೆ ದಡದಲ್ಲಿ ವಿಚಾರಣೆ.

ಕರಿಮೆಣಸು
ನಮ್ಮ ಕೆಸರುಗದ್ದೆ ಹಗ್ಗಜಗ್ಗಾಟದಲ್ಲಿ ಹೀಗೆ ತಾವಾಗಿ ಒಪ್ಪಿಕೊಂಡವರನ್ನು ಒಬ್ಬರನ್ನು ತೋರಿಸಿ ನೋಡೋಣ.

ಮಡಿಕೇರಿ ಮಂಜು
😂 ಎರಡು ಊರು ಜಗಳ ಆಡಿ ಇನ್ನೂ ಮಾತಾಡುತ್ತಿಲ್ಲ.

ಬಾರಪೊಳೆ ರಾಫ್ಟರ್
ಯಾರಾದರೂ ನೀರಿಗೆ ಬಿದ್ದರೆ ರೇಸಿನಲ್ಲಿ ಏನು ಮಾಡುತ್ತಾರೆ? ನಿಲ್ಲಿಸಿದರೆ ಸೋಲು ಅಲ್ವಾ?

ನೇವಿ ಮಾಮ ಕುಶಾಲನಗರ
ಒಳ್ಳೆ ಪ್ರಶ್ನೆ. ರೇಸಿನ ನಿಯಮ ಪುಸ್ತಕದ ಮೊದಲ ನಿಯಮವೇ ಅಪಾಯದಲ್ಲಿರುವವರಿಗೆ ನೆರವು ಕೊಡಬೇಕು ಅಂತ. ಬೇರೆ ಬೋಟಿನವರಿಗೆ ನೆರವು ಕೊಡಲು ಹೋಗಿ ನೀವು ಹಿಂದೆ ಬಿದ್ದರೆ, ಆಮೇಲೆ ಅರ್ಜಿ ಕೊಟ್ಟು ನಷ್ಟವಾದ ಸ್ಥಾನಕ್ಕೆ ಪರಿಹಾರ ಕೇಳಬಹುದು. ನಿಮ್ಮವರೇ ಬಿದ್ದರೆ, ಒಬ್ಬರು ಕೈ ತೋರಿಸುತ್ತಾ ಅವರ ಮೇಲಿನ ಕಣ್ಣು ತೆಗೆಯಬಾರದು. ಬೇರೆ ಕೆಲಸ ಏನೂ ಮಾಡಬಾರದು. ಅಲೆಗಳ ನಡುವೆ ತಲೆ ಒಂದು ಕ್ಷಣದಲ್ಲಿ ಕಾಣದಾಗುತ್ತದೆ.

ಬೆಂಗಳೂರಲ್ಲಿರೋ ನಾಪೋಕ್ಲು
ನೀರಿಗೆ ಬೀಳುವುದಕ್ಕಿಂತ ಬೂಮ್ ಬಗ್ಗೆ ಹೆದರಿ. ದೊಡ್ಡ ಹಾಯಿಯ ಕೆಳಗಿನ ಅಡ್ಡಕೋಲು ಅದು. ಗಾಳಿ ಹಿಂದಿನಿಂದ ಬರುವಾಗ ಚುಕ್ಕಾಣಿ ಸ್ವಲ್ಪ ಜಾಸ್ತಿ ತಿರುಗಿದರೆ ಒಂದು ಪಕ್ಕದಿಂದ ಇನ್ನೊಂದು ಪಕ್ಕಕ್ಕೆ ರಪ್ಪನೆ ಬರುತ್ತದೆ. ಆ ದಾರಿಯಲ್ಲಿ ಯಾರ ತಲೆಯೂ ಇರಬಾರದು. ಫೋಟೋ ತೆಗೆಯಲು ಎದ್ದು ನಿಲ್ಲುವವರೇ ಇದಕ್ಕೆ ಸಿಗುವುದು.

ವಿಂಚ್ ಇನ್ನೊಂದು. ಹಗ್ಗ ಎಳೆಯುವ ಲೋಹದ ಡ್ರಮ್ಮು. ಹಗ್ಗವನ್ನು ಗಡಿಯಾರದ ಮುಳ್ಳು ತಿರುಗುವ ಕಡೆಗೇ ಎರಡು ಮೂರು ಸುತ್ತು ಹಾಕಬೇಕು. ಬಿಡುವಾಗ ಅಂಗೈ ಅಗಲ ಮಾಡಿ ಡ್ರಮ್ಮಿನ ಮೇಲೆ ಒತ್ತಿ ಸ್ವಲ್ಪ ಸ್ವಲ್ಪವೇ ಜಾರಿಸಬೇಕು. ಬೆರಳು ಹಗ್ಗ ಮತ್ತು ಡ್ರಮ್ಮಿನ ನಡುವೆ ಹೋಗಲೇಬಾರದು, ಜೋರು ಗಾಳಿಯಲ್ಲಿ ಆ ಹಗ್ಗ ತಂತಿಯಷ್ಟು ಬಿಗಿ ಇರುತ್ತದೆ. ಉಂಗುರ ಕಳಚಿಡಿ. ನಮ್ಮ ಸ್ಕಿಪ್ಪರ್ ಹತ್ತಿದ ತಕ್ಷಣ ಎಲ್ಲರ ಉಂಗುರ ಒಂದು ಡಬ್ಬಿಗೆ ಹಾಕಿಸಿದ.

ಸಂಪಾಜೆ ತಿರುವು
ಊಟ ಏನು ಮಾಡುತ್ತೀರಿ? ಅದು ಮುಖ್ಯ ವಿಷಯ.

ಸೋಮವಾರಪೇಟೆ ಶುಂಠಿ
ಪಂದಿಕರಿ ಡಬ್ಬಿಯಲ್ಲಿ ಹಾಕಿಕೊಂಡು ಹೋಗಿ, ಕೆಡುವುದಿಲ್ಲ.

ಬೆಂಗಳೂರಲ್ಲಿರೋ ನಾಪೋಕ್ಲು
ಬೇಡ. ಯುರೋಪಿಯನ್ ಒಕ್ಕೂಟದೊಳಗೆ ನಮ್ಮಂಥ ಹೊರಗಿನ ದೇಶದಿಂದ ಮಾಂಸ, ಹಾಲಿನ ಪದಾರ್ಥ ತರುವ ಹಾಗಿಲ್ಲ, ಏರ್‌ಪೋರ್ಟಿನಲ್ಲಿ ಎಸೆಯುತ್ತಾರೆ. ಮಸಾಲೆ ಪುಡಿ ಮಾಡಿಕೊಂಡು ಹೋಗಿ, ಹಂದಿ ಅಲ್ಲೇ ಸಿಗುತ್ತದೆ. ಹುಳಿಗೆ ಹಾಕುವ ಕಾಚಂಪುಳಿ ಬಾಟಲಿಗೆ ಮುಚ್ಚಳ ಭದ್ರ ಮಾಡಿ ದೊಡ್ಡ ಬ್ಯಾಗಿನಲ್ಲಿ ಹಾಕಿ. ಬೋಟಿನ ಒಲೆ ಓಲಾಡುವ ಹಾಗೆ ಮಾಡಿರುತ್ತಾರೆ, ದೋಣಿ ವಾಲಿದರೂ ಪಾತ್ರೆ ನೆಟ್ಟಗೆ ಇರುತ್ತದೆ. ಆದರೂ ರೇಸ್ ನಡೆಯುವಾಗ ಯಾರೂ ಅಡುಗೆ ಮಾಡುವುದಿಲ್ಲ, ಬ್ರೆಡ್ಡೇ ಗತಿ.

ಕರಿಮೆಣಸು
ಬ್ರೆಡ್ ತಿನ್ನಲು ಕ್ರೊಯೇಷಿಯಾ.

ಮಡಿಕೇರಿ ಮಂಜು
ನನ್ನ ಪ್ರಶ್ನೆಗೆ ಉತ್ತರ ಬರಲಿಲ್ಲ. ಹಾಕಿ ನಮ್ಮೆ? 1997ರಲ್ಲಿ ಕರಡದಲ್ಲಿ ಪಾಂಡಂಡ ಕುಟ್ಟಪ್ಪನವರು ಶುರು ಮಾಡಿದ್ದು, 2024ರಲ್ಲಿ ನಾಪೋಕ್ಲಿನಲ್ಲಿ 360 ಕುಟುಂಬ ತಂಡ ಆಡಿದ್ದವು. ಅಂಥದ್ದು ನಡೆಯುವಾಗ ಆರು ಜನ ಗಟ್ಟಿ ಆಳು ಊರಲ್ಲಿಲ್ಲ ಅಂದರೆ ಒಕ್ಕದವರು (ಮನೆತನದವರು) ಬಿಡುತ್ತಾರಾ?

ಪೊನ್ನಂಪೇಟೆ ತೋಟದವ
ಬಿಡುವುದಿಲ್ಲ, ಗೊತ್ತು. ನಾನು ಲೆಫ್ಟ್ ಹಾಫ್. ಅದಕ್ಕೇ ಯೋಚನೆ ಬದಲಾಯಿಸುತ್ತಿದ್ದೇನೆ. ಈ ರೆಗಟ್ಟಾಗಳು ಸೆಪ್ಟೆಂಬರ್, ಅಕ್ಟೋಬರಿನಲ್ಲೂ ಇವೆ. ಕೈಲ್‌ಪೊಳ್ದ್ ಹಬ್ಬ ಮುಗಿದಿರುತ್ತದೆ. ನಮ್ಮದು ರೊಬಸ್ಟಾ, ಹಣ್ಣು ಕೊಯ್ಲಿಗೆ ಆಗ ಇನ್ನೂ ಸಮಯ ಇರುತ್ತದೆ. ಕಾವೇರಿ ಸಂಕ್ರಮಣದ ಹೊತ್ತಿಗೆ ಮನೆಗೆ ಬಂದುಬಿಡಬೇಕು, ಅಷ್ಟೇ.

ಸುಂಟಿಕೊಪ್ಪ ಮೇಷ್ಟ್ರು
ಅರೇಬಿಕಾದವರು ನಿಮ್ಮಲ್ಲಿ ಯಾರೂ ಇಲ್ಲವಾ? ಅವರಿಗೆ ಅಕ್ಟೋಬರ್ ಕೊನೆಯಲ್ಲೇ ಕಣದ ಕೆಲಸ, ಆಳು ಹುಡುಕುವ ಕೆಲಸ ಶುರುವಾಗುತ್ತದೆ.

ಪೊನ್ನಂಪೇಟೆ ತೋಟದವ
ಒಬ್ಬನಿದ್ದಾನೆ ಸಾರ್, ಅವನಿಗೆ ಸೆಪ್ಟೆಂಬರ್ ಆದರೆ ಸರಿ ಅಂದಿದ್ದಾನೆ.

ಎಲ್ಲರ ಮಾತು ಓದಿದ ಮೇಲೆ ನಮ್ಮ ಗುಂಪಿನಲ್ಲಿ ಹೀಗೆ ಮಾತಾಗಿದೆ. ಈ ಅಕ್ಟೋಬರಿನಲ್ಲಿ ಮೂರು ಜನ ಮುಂಬೈಗೆ ಹೋಗಿ ಕೀಲ್ ಬೋಟಿನ ಕೋರ್ಸ್ ಮಾಡುತ್ತೇವೆ. ಮುಂದಿನ ವರ್ಷ ಸೆಪ್ಟೆಂಬರಿಗೆ ಸ್ಕಿಪ್ಪರ್ ಜೊತೆ ಕ್ರೊಯೇಷಿಯಾ, ಸ್ಪಿನೇಕರ್ ಇಲ್ಲದ ವಿಭಾಗ. ಈಜು ಬಾರದ ಇಬ್ಬರು ಮೈಸೂರಿನಲ್ಲಿ ಕಲಿಯುತ್ತಾರೆ, ಬ್ಯಾಂಕಿನವನು ಕರೆದುಕೊಂಡು ಹೋಗುತ್ತಾನೆ.

ನೇವಿ ಮಾಮ ಕುಶಾಲನಗರ
ಸರಿ. ಕೋರ್ಸಿಗೆ ಹೋಗುವ ಮೂವರಲ್ಲಿ ವಾಂತಿ ಬರುವವನೂ ಒಬ್ಬ ಇರಲಿ. ಇಲ್ಲೇ ಗೊತ್ತಾಗಿಬಿಡಲಿ.

ಗೋಣಿಕೊಪ್ಪ ಗೊಬ್ಬರದಂಗಡಿ
ಆ ಮೂವರಲ್ಲಿ ನನ್ನ ಹೆಸರು ಹಾಕಿದ್ದಾರೆ ಮಾಮ. ಬರುತ್ತೇನೆ. ಚುಕ್ಕಾಣಿ ವಿಷಯ ಆಗಲೇ ಹೇಳಿದ್ದೇನೆ.

ವಿರಾಜಪೇಟೆ ಅಕ್ಕ
ಕೋರ್ಸಿನಲ್ಲಿ ಎಲ್ಲರಿಗೂ ಚುಕ್ಕಾಣಿ ಕೊಡುತ್ತಾರೆ. ಆಮೇಲೆ ಬೇರೆಯವರು ನಿರ್ಧಾರ ಮಾಡಲಿ. ನಮ್ಮ ಬೋಟಿನಲ್ಲಿ ಚುಕ್ಕಾಣಿಗೆ ಅಂತ ಹಟ ಹಿಡಿದು ಬಂದವನು ಕೊನೆಗೆ ಮುಂದಿನ ಹಾಯಿಗೆ ಅಂಟಿಕೊಂಡ. ಹಾಯಿಯ ಮೇಲೆ ಉಲ್ಲನ್ ದಾರದ ತುಂಡು ಅಂಟಿಸಿರುತ್ತಾರೆ, ಎರಡೂ ಬದಿಯ ದಾರ ಒಂದೇ ಸಮ ಹಿಂದಕ್ಕೆ ಹಾರಿದರೆ ಹಾಯಿ ಸರಿ ಇದೆ ಅಂತ ಅರ್ಥ. ಅದನ್ನು ನೋಡುತ್ತಾ ಹಗ್ಗ ಒಂದು ಬೆರಳು ಬಿಗಿ ಮಾಡುವುದು, ಒಂದು ಬೆರಳು ಬಿಡುವುದು. ಅವನನ್ನು ಅಲ್ಲಿಂದ ಎಬ್ಬಿಸಲು ಆಗುತ್ತಿರಲಿಲ್ಲ.

ಮತ್ತೆ, ಬರುವಾಗ ಕಪ್ಪು ತಳದ ಶೂ ಹಾಕಿಕೊಂಡು ಬರಬೇಡಿ. ಡೆಕ್ ಮೇಲೆ ಗುರುತು ಬೀಳುತ್ತದೆ, ಬೈಯುತ್ತಾರೆ. ಅರ್ಧ ಬೆರಳಿನ ಗ್ಲೌಸ್ ತೆಗೆದುಕೊಳ್ಳಿ.

ಗೋಣಿಕೊಪ್ಪ ಗೊಬ್ಬರದಂಗಡಿ
ಆ ಶೂ ಮೈಸೂರಿನಲ್ಲಿ ಸಿಗುತ್ತಾ ಅಕ್ಕ? ನನ್ನದು 10 ನಂಬರ್, ಗೋಣಿಕೊಪ್ಪದಲ್ಲಿ ಗಂಬೂಟೇ ಕಷ್ಟದಲ್ಲಿ ಸಿಗುವುದು.

ವಿರಾಜಪೇಟೆ ಅಕ್ಕ
ಬೋಟಿಂದೇ ಬೇಕು ಅಂತೇನಿಲ್ಲ. ಒಳಾಂಗಣ ಬ್ಯಾಡ್ಮಿಂಟನ್‌ಗೆ ಅಂತ ಕೇಳಿ, ಗುರುತು ಬೀಳದ ತಳದ್ದು ಕೊಡುತ್ತಾರೆ. ಒದ್ದೆ ಟೈಲ್ಸ್ ಮೇಲೆ ನಿಂತು ಜಾರುತ್ತದಾ ನೋಡಿ ತೆಗೆದುಕೊಳ್ಳಿ.

ಕರಿಮೆಣಸು
@ಗೊಬ್ಬರದಂಗಡಿ ಅಕ್ಟೋಬರಿನಲ್ಲಿ ಅಂಗಡಿ ಎಷ್ಟು ದಿನ ಬಂದ್? ಮಳೆ ಬಿಟ್ಟ ತಕ್ಷಣ ಗೊಬ್ಬರ ಹಾಕಬೇಕು, ನನಗೆ ಪೊಟ್ಯಾಷ್ ಮೊದಲೇ ಎತ್ತಿಡಿ.